ಸಿಕ್ಕಿಬೀಳದವರ ಲೆಕ್ಕ

ವಾರಾಂತ್ಯ ಮುಗಿದ ಮೇಲೆ ಪತ್ರಿಕೆಯ ಒಳಪುಟದಲ್ಲಿ ಆಗಾಗ ಕಾಣುವ ಸುದ್ದಿಯೊಂದಿದೆ. ಬೆಂಗಳೂರು ಸಂಚಾರ ಪೊಲೀಸರಿಂದ ವಿಶೇಷ ಕಾರ್ಯಾಚರಣೆ, ಇಷ್ಟು ಸಾವಿರ ವಾಹನಗಳ ತಪಾಸಣೆ, ಕುಡಿದು ಓಡಿಸುತ್ತಿದ್ದ ಇಷ್ಟು ನೂರು ಮಂದಿಯ ಮೇಲೆ ಕೇಸು. ಓದಿದವರು ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಾರೆ. ನೂರು ಗಾಡಿ ನಿಲ್ಲಿಸಿದ್ದಕ್ಕೆ ಸಿಕ್ಕಿದ್ದು ಒಬ್ಬರೋ ಇಬ್ಬರೋ. ಅಷ್ಟಕ್ಕಾಗಿ ಉಳಿದವರನ್ನೆಲ್ಲ ರಾತ್ರಿ ಹೊತ್ತಿನಲ್ಲಿ ಬ್ಯಾರಿಕೇಡ್ ಹತ್ತಿರ ತಡೆದು, ಮುಖಕ್ಕೆ ಟಾರ್ಚ್ ಬಿಟ್ಟು, ಊದಿಸಿ ಕಳಿಸಬೇಕಿತ್ತೇ? ಪಾಳಿ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಹೊರಟ ನರ್ಸಮ್ಮ, ಮಗುವಿಗೆ ಜ್ವರ ಎಂದು ಮೆಡಿಕಲ್ ಹುಡುಕಿಕೊಂಡು ಹೊರಟ ಅಪ್ಪ, ಇವರೇನು ತಪ್ಪು ಮಾಡಿದ್ದರು?

ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಇದೇ ಭಾಗಾಕಾರ ಬಂದಿತ್ತು. ಮಿಷಿಗನ್ ರಾಜ್ಯದ ಸ್ಯಾಗಿನಾ ಕೌಂಟಿಯಲ್ಲಿ ಪೊಲೀಸರು ಒಂದು ರಾತ್ರಿ ತಪಾಸಣೆಗೆ ನಿಂತರು. ಹಾದುಹೋದದ್ದು 126 ವಾಹನ. ಒಂದೊಂದು ಗಾಡಿ ನಿಂತದ್ದು ಸರಾಸರಿ 25 ಸೆಕೆಂಡ್. ಇಬ್ಬರನ್ನು ಪಕ್ಕಕ್ಕೆ ಕರೆದು ಪರೀಕ್ಷಿಸಿದರು, ಅವರಲ್ಲಿ ಒಬ್ಬ ಕುಡಿದಿದ್ದ. ಮೂರನೆಯವನೊಬ್ಬ ನಿಲ್ಲಿಸದೆ ನುಗ್ಗಿ ಸಿಕ್ಕಿಬಿದ್ದ. ಒಟ್ಟು ಬಂಧನ ಎರಡು. ಇಷ್ಟಕ್ಕೆ ನಾಗರಿಕರ ಸ್ವಾತಂತ್ರ್ಯಕ್ಕೆ ಕೈಹಾಕಬಹುದೇ ಎಂಬ ವಾದ ಮೇಲಿನ ಕೋರ್ಟಿನವರೆಗೆ ಹೋಯಿತು. 1990ರ ಜೂನ್‌ನಲ್ಲಿ ಆರು ನ್ಯಾಯಮೂರ್ತಿಗಳು ತಪಾಸಣೆಯ ಪರವಾಗಿಯೂ ಮೂವರು ವಿರುದ್ಧವಾಗಿಯೂ ನಿಂತರು. ಮಿಷಿಗನ್ನಿನ ಕೋರ್ಟು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಇದು ತಮ್ಮ ರಾಜ್ಯದ ಸಂವಿಧಾನಕ್ಕೆ ಒಗ್ಗುವುದಿಲ್ಲ ಎಂದು 1993ರಲ್ಲಿ ತೀರ್ಪು ಕೊಟ್ಟು ತಪಾಸಣೆಯನ್ನು ನಿಲ್ಲಿಸಿಬಿಟ್ಟಿತು. ಗೆದ್ದ ಕೇಸಿನ ಫಲ ಗೆದ್ದ ರಾಜ್ಯಕ್ಕೇ ದಕ್ಕಲಿಲ್ಲ.

ಅದೇ ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 1994-95ರಲ್ಲಿ ವರ್ಷವಿಡೀ ಸುಮಾರು 900 ಕಡೆ ನಾಕಾ ಹಾಕಿ, ಒಂದೂವರೆ ಲಕ್ಷದ ಹತ್ತಿರ ಹತ್ತಿರ ಚಾಲಕರನ್ನು ನಿಲ್ಲಿಸಿ ನೋಡಿದರು. ಕುಡಿದು ಸಿಕ್ಕಿದವರು ಎಂಟುನೂರಕ್ಕೂ ಕಡಿಮೆ, ಅಂದರೆ ಇನ್ನೂರಕ್ಕೆ ಒಬ್ಬರಂತೆ. ಭಾಗಾಕಾರದವರಿಗೆ ಇದು ಶುದ್ಧ ದಂಡದ ಕೆಲಸ. ಆದರೆ ಕುಡಿತಕ್ಕೆ ಸಂಬಂಧಿಸಿದ ಪ್ರಾಣಾಂತಿಕ ಅಪಘಾತಗಳು ಆ ರಾಜ್ಯದಲ್ಲಿ ಶೇ. 20ರಷ್ಟು ಇಳಿದಿದ್ದವು. ಸಿಕ್ಕ ಎಂಟುನೂರು ಮಂದಿಯನ್ನು ರಸ್ತೆಯಿಂದ ಎತ್ತಿದ್ದಕ್ಕೆ ಅಷ್ಟು ಇಳಿಯುವುದು ಸಾಧ್ಯವಿಲ್ಲ. ಇಳಿಸಿದವರು ಬೇರೆ ಯಾರೋ. ನಾಕಾ ಹತ್ತಿರವೇ ಬಾರದವರು, ಊದದವರು, ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದವರು. ಆ ರಾತ್ರಿ ಬೀಗದ ಕೈಯನ್ನು ಹೆಂಡತಿಯ ಕೈಗೆ ಕೊಟ್ಟವರು, ಟ್ಯಾಕ್ಸಿ ಹಿಡಿದವರು, ಎರಡನೆಯದಕ್ಕೇ ನಿಲ್ಲಿಸಿದವರು. ನಾಕಾಬಂದಿಯ ನಿಜವಾದ ಗಳಿಕೆ ಇವರೇ ಎಂಬುದು ನನ್ನ ವಾದ. ಇವರು ಪತ್ರಿಕಾ ಪ್ರಕಟಣೆಯಲ್ಲಿ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್. 1982ರ ಡಿಸೆಂಬರ್ 17ರಂದು, ಕ್ರಿಸ್‌ಮಸ್ ಸಂತೋಷಕೂಟಗಳ ನಡುಮಧ್ಯೆ, ಅಲ್ಲಿ ಯಾದೃಚ್ಛಿಕ ಉಸಿರಾಟ ಪರೀಕ್ಷೆ ಶುರುವಾಯಿತು. ಅನುಮಾನ ಬರಬೇಕಿಲ್ಲ, ಗಾಡಿ ಅಡ್ಡಾದಿಡ್ಡಿ ಓಡಬೇಕಿಲ್ಲ, ಯಾರನ್ನು ಬೇಕಾದರೂ ನಿಲ್ಲಿಸಿ ಊದಿಸಬಹುದು. ಮೊದಲ ವರ್ಷವೇ ಸರಿಸುಮಾರು ಮೂವರು ಚಾಲಕರಲ್ಲಿ ಒಬ್ಬರಿಗೆ ಲೆಕ್ಕ ಬೀಳುವಷ್ಟು ಪರೀಕ್ಷೆ ನಡೆಸಿದರು. ಊರಲ್ಲಿ ಊದದವರಿದ್ದರೂ, ಊದಿದ ಒಬ್ಬರ ಪರಿಚಯವಾದರೂ ಇಲ್ಲದವರಿರಲಿಲ್ಲ. 1982ರಲ್ಲಿ ಆ ರಾಜ್ಯದ ರಸ್ತೆಗಳಲ್ಲಿ ಸತ್ತವರು 1,253 ಮಂದಿ. 1983ರಲ್ಲಿ 966. ಇಡೀ ಇಳಿಕೆಯನ್ನು ಊದಿಸುವ ಕೊಳವೆಯ ಖಾತೆಗೇ ಹಾಕಲಾಗದು, ಆಗ ಅಲ್ಲಿ ಆರ್ಥಿಕ ಹಿಂಜರಿತವೂ ಇತ್ತು, ಜನ ಓಡಾಡಿದ್ದೇ ಕಡಿಮೆ. ಆದರೂ ಬೇರೆ ಕಾರಣಗಳನ್ನು ಕಳೆದು ನೋಡಿದ ಸಂಶೋಧಕರು ಪ್ರಾಣಾಂತಿಕ ಅಪಘಾತಗಳಲ್ಲಿ ಐದನೇ ಒಂದು ಭಾಗ ತಗ್ಗಿದ್ದು ಇದರಿಂದಲೇ ಎಂದರು. ಮುಂದಿನ ವರ್ಷಗಳಲ್ಲೂ ಸಾವುಗಳು ಹಳೆಯ ಮಟ್ಟಕ್ಕೆ ಮರಳಲಿಲ್ಲ.

ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ರಾಸ್ ಹೋಮೆಲ್ ಎಂಬ ಅಪರಾಧಶಾಸ್ತ್ರಜ್ಞ ಒಂದು ಸೊಗಸಾದ ಸಂಗತಿಯನ್ನು ಗಮನಿಸಿದರು. ಆಸ್ಟ್ರೇಲಿಯಾದ ಪಬ್‌ಗಳಲ್ಲಿ ಗೆಳೆಯರು ಸರದಿಯ ಮೇಲೆ ಎಲ್ಲರಿಗೂ ಕೊಡಿಸುವ ರೂಢಿ ಇದೆ. ಐದು ಜನ ಕೂತರೆ ಐದು ಸುತ್ತು ಆಗಲೇಬೇಕು, ನಡುವೆ ಎದ್ದವನು ಜುಗ್ಗ. ಅಂಥ ಕೂಟದಲ್ಲಿ ಸಾಕು ಅನ್ನಲು ಗಂಡಸರಿಗೆ ಒಂದು ಮರ್ಯಾದಸ್ಥ ನೆಪ ಬೇಕಿತ್ತು. ನಾಕಾಬಂದಿ ಆ ನೆಪವನ್ನು ಕೊಟ್ಟಿತು. ಇದಕ್ಕೆ ಸಿಡ್ನಿಗೇ ಹೋಗಬೇಕಿಲ್ಲ. “ಏ, ಇನ್ನೊಂದು ನೈಂಟಿ ಹಾಕೋ ಮಾರಾಯ” ಎಂದು ಒತ್ತಾಯಿಸುವವರ ಮುಂದೆ ಹೆಂಡತಿ ಬೈತಾಳೆ ಅಂದರೆ ನಗುತ್ತಾರೆ, ಡಾಕ್ಟರು ಬೇಡ ಅಂದಿದ್ದಾರೆ ಅಂದರೆ ಇನ್ನೂ ಜೋರಾಗಿ ನಗುತ್ತಾರೆ. “ಗಾಡಿ ತಂದಿದೀನಿ ಕಣೋ, ಸರ್ಕಲ್ಲಲ್ಲಿ ಊದಿಸ್ತಿದಾರೆ” ಅಂದರೆ ಮಾತ್ರ ಸುಮ್ಮನಾಗುತ್ತಾರೆ. ಸರ್ಕಲ್ಲಿನಲ್ಲಿ ಪೊಲೀಸರು ನಿಜವಾಗಿಯೂ ಇದ್ದಾರೋ ಇಲ್ಲವೋ, ಆ ಹೊತ್ತಿಗೆ ಅದು ಮುಖ್ಯವಲ್ಲ. ಇರಬಹುದು ಎಂದು ಮೇಜಿನ ಸುತ್ತ ಕೂತ ಎಲ್ಲರೂ ನಂಬಿದ್ದರೆ ಆಯಿತು.

ನಂಬಿಕೆ ಹೋದರೆ ಎಲ್ಲವೂ ಹೋಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ 1967ರ ಅಕ್ಟೋಬರ್‌ನಲ್ಲಿ ಉಸಿರಾಟ ಪರೀಕ್ಷೆಯ ಕಾನೂನು ಜಾರಿಗೆ ತಂದವರು ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್. ಅವರಿಗೆ ಸ್ವತಃ ಗಾಡಿ ಓಡಿಸಲು ಬರುತ್ತಿರಲಿಲ್ಲ ಎಂಬುದನ್ನೇ ಹಿಡಿದು ಪತ್ರಕರ್ತರೂ ಪಬ್ ಮಾಲೀಕರೂ ಸಾಕಷ್ಟು ಕಾಡಿದರು. ಮೊದಲ ವರ್ಷ ಸಾವಿರಕ್ಕೂ ಹೆಚ್ಚು ಜೀವ ಉಳಿದವು ಎಂದು ಸರ್ಕಾರ ಲೆಕ್ಕ ಕೊಟ್ಟಿತು. ಆದರೆ ಸಿಕ್ಕಸಿಕ್ಕವರನ್ನು ಪರೀಕ್ಷಿಸುವ ಅಧಿಕಾರವನ್ನು ಕಾನೂನಿನಿಂದ ಮೊದಲೇ ಕೈಬಿಡಲಾಗಿತ್ತು. ಪೊಲೀಸರು ಊದಿಸುವುದೇ ಅಪರೂಪ ಎಂಬುದು ಕುಡಿಯುವವರಿಗೆ ಮೂರ್ನಾಲ್ಕು ವರ್ಷಗಳಲ್ಲಿ ಅರ್ಥವಾಯಿತು. ಅಪಘಾತಗಳು ಮೆಲ್ಲಗೆ ಹಳೆಯ ಮಟ್ಟದತ್ತ ಹತ್ತಿದವು. ಕಾನೂನಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಾಕಾಬಂದಿಯ ಬಗ್ಗೆ ಲೋಕದಲ್ಲಿ ನಡೆದಿರುವ ಬಹುಪಾಲು ಅಧ್ಯಯನಗಳು ‘ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು’ ಎಂಬ ಜಾತಿಯವು. ಚೀಟಿ ಎತ್ತಿ ಕೆಲವು ಕಡೆ ನಾಕಾ ಹಾಕಿ, ಕೆಲವು ಕಡೆ ಹಾಕದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ದೊಡ್ಡ ಪ್ರಯೋಗ ನಡೆದದ್ದು ರಾಜಸ್ಥಾನದಲ್ಲಿ. ನಡೆಸಿದವರು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ಡೇನಿಯಲ್ ಕೆನಿಸ್ಟನ್, ಅವರ ಜೊತೆಗೆ ಅದೇ ರಾಜ್ಯದ ಐಪಿಎಸ್ ಅಧಿಕಾರಿ ನೀನಾ ಸಿಂಗ್. ಮೊದಲಿಬ್ಬರಿಗೆ 2019ರಲ್ಲಿ ನೊಬೆಲ್ ಬಂತು. ನೀನಾ ಸಿಂಗ್ ಮುಂದೆ ಸಿಐಎಸ್‌ಎಫ್‌ನ ಮೊದಲ ಮಹಿಳಾ ಮಹಾನಿರ್ದೇಶಕಿಯಾದರು.

ಪ್ರಯೋಗ ಸರಳ. ಒಂದಷ್ಟು ಠಾಣೆಗಳ ವ್ಯಾಪ್ತಿಯಲ್ಲಿ ಎಂದಿನಂತೆ ಇರಲಿ ಎಂದು ಬಿಟ್ಟರು. ಒಂದಷ್ಟು ಕಡೆ ಠಾಣೆಯ ಸರಹದ್ದಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎನ್ನುವಂಥ ಒಂದೇ ತಾವಿನಲ್ಲಿ ಪ್ರತಿ ಸಲ ನಾಕಾ. ಇನ್ನೊಂದಷ್ಟು ಕಡೆ ಮೂರು ಜಾಗ ಗುರುತು ಮಾಡಿಕೊಂಡು, ಇವತ್ತು ಇಲ್ಲಿ, ಇನ್ನೊಂದು ದಿನ ಅಲ್ಲಿ. ವಾರಕ್ಕೆ ಎಷ್ಟು ರಾತ್ರಿ ಎಂಬುದನ್ನೂ ಚೀಟಿಯಲ್ಲೇ ನಿರ್ಧರಿಸಿದರು. ಸಾಮಾನ್ಯ ಬುದ್ಧಿಗೆ ಹೊಳೆಯುವುದು ಏನು? ಎಲ್ಲಿ ಕುಡುಕರು ಹೆಚ್ಚಾಗಿ ಹಾಯುತ್ತಾರೋ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಎರಡನೇ ದರ್ಜೆಯ, ಮೂರನೇ ದರ್ಜೆಯ ಜಾಗಕ್ಕೆ ಹೋಗಿ ರಾತ್ರಿ ಹಾಳುಮಾಡಿಕೊಳ್ಳುವುದೇಕೆ? ಯಾವ ಇನ್ಸ್‌ಪೆಕ್ಟರನ್ನು ಕೇಳಿದರೂ ಇದನ್ನೇ ಹೇಳಿಯಾರು. ಫಲಿತಾಂಶ ಬಂದಾಗ, ಜಾಗ ಬದಲಿಸುತ್ತಿದ್ದ ಠಾಣೆಗಳಲ್ಲಿ ರಾತ್ರಿ ಅಪಘಾತಗಳು ಶೇ. 17ರಷ್ಟು, ರಾತ್ರಿ ಸಾವುಗಳು ಶೇ. 25ರಷ್ಟು ತಗ್ಗಿದ್ದವು. ಅತ್ಯುತ್ತಮ ಜಾಗದಲ್ಲಿ ಬೇರೂರಿ ನಿಂತವರ ಕಡೆ ಲೆಕ್ಕಕ್ಕೆ ಸಿಗುವಂಥ ಪರಿಣಾಮವೇ ಇರಲಿಲ್ಲ.

ಹೊಲದಲ್ಲಿ ಒಂದೇ ಕಡೆ ನಿಂತ ಬೆದರುಬೊಂಬೆಯ ತಲೆಯ ಮೇಲೆ ನಾಲ್ಕು ದಿನದಲ್ಲಿ ಕಾಗೆ ಬಂದು ಕೂರುತ್ತದೆ. ಸಂಶೋಧಕರು ಇದನ್ನೇ ದೊಡ್ಡ ಗಣಿತದಲ್ಲಿ ಹೇಳಿದ್ದಾರೆ: ಚಾಲಕರು ಕಲಿಯುತ್ತಾರೆ. ಬೇಗ ಕಲಿಯುತ್ತಾರೆ. ಮುಖ್ಯರಸ್ತೆಯಲ್ಲಿ ಪೊಲೀಸರಿದ್ದರೆ ಸಣ್ಣ ರಸ್ತೆ ಹಿಡಿಯುತ್ತಾರೆ. ಬಳಸು ದಾರಿಯಲ್ಲೂ ಒಂದು ದಿನ ಪೊಲೀಸರು ಸಿಕ್ಕರೆ ಮಾತ್ರ ಯಾವ ದಾರಿಯನ್ನೂ ನಂಬುವಂತಿಲ್ಲ, ಕುಡಿಯದೇ ಹೋಗುವುದೊಂದೇ ಉಳಿಯುತ್ತದೆ.

ನಮ್ಮಲ್ಲಂತೂ ಈ ಕಲಿಕೆಗೆ ಗುರುಗಳು ಬೇಕಾದಷ್ಟು. ಎದುರಿನಿಂದ ಬರುವ ಲಾರಿಯವರು ಎರಡು ಸಲ ಲೈಟ್ ಹೊಡೆದು ಮುಂದೆ ಪೊಲೀಸರಿದ್ದಾರೆ ಎಂದು ತಿಳಿಸುವುದು ಹೆದ್ದಾರಿಯ ಹಳೆಯ ಸೌಜನ್ಯ. ಪಾರಾಗಿ ಬಂದ ಗೆಳೆಯ ಹಿಂದಿನಿಂದ ಬರುವವನಿಗೆ ಫೋನ್ ಮಾಡುತ್ತಾನೆ: “ಮಗಾ, ಫ್ಲೈಓವರ್ ಇಳಿದ ತಕ್ಷಣ ಹಾಕ್ಕೊಂಡಿದಾರೆ, ಒಳಗಿಂದ ಬಾ.” ಈಗ ಅದಕ್ಕೆ ವಾಟ್ಸ್‌ಆ್ಯಪ್ ಗುಂಪುಗಳಿವೆ, ದಾರಿ ತೋರಿಸುವ ಆ್ಯಪ್‌ಗಳಿವೆ. ಇಂಥ ಸೂಚನೆ ಕೊಡುವುದನ್ನು ನಿಲ್ಲಿಸಿ ಎಂದು ನ್ಯೂಯಾರ್ಕ್ ಪೊಲೀಸರು 2019ರಲ್ಲಿ ಗೂಗಲ್‌ಗೆ ಪತ್ರವನ್ನೇ ಬರೆದಿದ್ದರು. ಪತ್ರ ಬರೆಯುವುದಕ್ಕಿಂತ ಬ್ಯಾರಿಕೇಡ್ ಎತ್ತಿಕೊಂಡು ಮುಕ್ಕಾಲು ಗಂಟೆಗೊಮ್ಮೆ ಬೇರೆ ಕಡೆ ಹೋಗುವುದು ಸುಲಭವಲ್ಲವೇ ಎಂದು ನನಗನ್ನಿಸಿತ್ತು. ಮೂರು ಕಡೆ ಹಾಕಿದ್ದಾರೆ ಎಂದು ಮೂರು ಸಂದೇಶ ಬಂದರೆ ಆ ಗುಂಪೇ ನಾಕಾಬಂದಿಯ ಕೆಲಸ ಮಾಡುತ್ತದೆ.

ರಾಜಸ್ಥಾನದ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಿದರೆ ಸ್ವಲ್ಪ ಗಾಬರಿಯಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕುಡಿತ ಮತ್ತು ಮಾದಕ ವಸ್ತುವಿನ ಪಾಲು ಶೇ. 2.5ರ ಆಸುಪಾಸು. ಶೇ. 70ಕ್ಕೂ ಹೆಚ್ಚು ಸಾವಿಗೆ ಕಾರಣ ಅತಿವೇಗ ಎಂದಿದೆ. ಕುಡಿತದ ಪಾಲು ಅಷ್ಟೇ ಆಗಿದ್ದರೆ, ಊದಿಸಿದ ಮಾತ್ರಕ್ಕೆ ರಾತ್ರಿಯ ಸಾವು ಕಾಲುಭಾಗ ಹೇಗೆ ಕಡಿಮೆಯಾಯಿತು? ಪೊಲೀಸರನ್ನು ಕಂಡು ವೇಗ ತಗ್ಗಿಸಿದವರೂ ಇದ್ದಾರು, ಒಪ್ಪಿದೆ. ರಾತ್ರಿಯ ಲೆಕ್ಕವೇ ಬೇರೆ, ಅದೂ ನಿಜ. ಆದರೂ ಈ ಎರಡು ಅಂಕಿಗಳು ಒಂದೇ ಸೂರಿನಡಿ ಬಾಳುವುದು ಕಷ್ಟ.

ಕಾರಣ ಎಫ್‌ಐಆರ್ ಓದಿದವರಿಗೆಲ್ಲ ಗೊತ್ತು. ಅಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿಕೊಂಡು ಬಂದು’ ಎಂಬ ಒಂದು ಸಿದ್ಧ ವಾಕ್ಯವಿದೆ. ಕಾನೂನಿನ ಕಲಮಿಗೆ ಅದು ಸಾಕು. ಕುಡಿದಿದ್ದ ಎಂದು ಬರೆದರೆ ರಕ್ತ ತೆಗೆಸಬೇಕು, ಪ್ರಯೋಗಾಲಯಕ್ಕೆ ಕಳಿಸಬೇಕು, ವರದಿಗೆ ಕಾಯಬೇಕು. ಸತ್ತವನೇ ಕುಡಿದಿದ್ದರೆ ಬರೆಯುವ ಕೈ ಇನ್ನೂ ತಡೆಯುತ್ತದೆ. ಮನೆಯವರು ಶವಾಗಾರದ ಹೊರಗೆ ಕೂತಿರುತ್ತಾರೆ, ವಿಮೆಯ ಹಣ ಎಲ್ಲಿ ಕೈತಪ್ಪೀತೋ ಎಂಬ ಚಿಂತೆ ಒಂದು ಕಡೆ, ಊರಿನವರ ಬಾಯಿ ಇನ್ನೊಂದು ಕಡೆ. ಒಬ್ಬ ಮುಖ್ಯ ಪೇದೆ ಆ ಹೊತ್ತಿನಲ್ಲಿ ಕರುಣೆಯಿಂದ ಬಿಟ್ಟ ಒಂದು ಸಾಲು ದೆಹಲಿಯ ಕೋಷ್ಟಕದಲ್ಲಿ ಶೇ. 2.5 ಆಗಿ ಕೂರುತ್ತದೆ. ಆ ಕೋಷ್ಟಕವನ್ನು ನೋಡಿದವರು ಕುಡಿತ ಅಂಥ ದೊಡ್ಡ ಸಮಸ್ಯೆಯಲ್ಲ ಎನ್ನುತ್ತಾರೆ.

ಕಾಗದದ ಮೇಲೆ ನಮ್ಮ ಕಾನೂನು ಬ್ರಿಟನ್, ಆಸ್ಟ್ರೇಲಿಯಾಗಳಿಗಿಂತ ಬಿಗಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಅಪರಾಧ. ನ್ಯೂ ಸೌತ್ ವೇಲ್ಸ್‌ನಲ್ಲಿ ಅದು 50, ಇಂಗ್ಲೆಂಡಿನಲ್ಲಿ 80. 2019ರ ತಿದ್ದುಪಡಿಯಲ್ಲಿ ಮೊದಲ ಸಲದ ದಂಡವನ್ನು 2,000ದಿಂದ 10,000 ರೂಪಾಯಿಗೆ ಏರಿಸಿದ್ದೂ ಆಯಿತು. ಕೋರ್ಟಿಗೆ ಹೋಗಿ ಕಟ್ಟಬೇಕಾದ ದಂಡ ಅದು. ಹಳೆಯ ಟಿವಿಎಸ್ ಮೊಪೆಡ್ ಓಡಿಸುವ ಗಾರೆ ಕೆಲಸದವನಿಗೆ ಗಾಡಿಯನ್ನು ಠಾಣೆಯ ಆವರಣದಲ್ಲೇ ಬಿಟ್ಟುಹೋಗುವುದು ಅಗ್ಗ. ಮೊತ್ತ ಏರಿದಷ್ಟೂ ರಸ್ತೆಬದಿಯಲ್ಲೇ ‘ಅಡ್ಜಸ್ಟ್’ ಮಾಡಿಕೊಳ್ಳುವ ಆಸೆ ಎರಡೂ ಕಡೆ ಏರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ದಂಡ ಹೆಚ್ಚಿಸಲು ಒಂದು ಗೆಜೆಟ್ ಸಾಕು, ರಾತ್ರಿ ಹೊತ್ತು ನಿಲ್ಲಲು ಜನ ಬೇಕು. ಸರ್ಕಾರಗಳು ಮೊದಲನೆಯದನ್ನೇ ಏಕೆ ಇಷ್ಟಪಡುತ್ತವೆ ಎಂಬುದು ಅರ್ಥವಾಗುವಂಥದ್ದೇ.

ನಿಲ್ಲುವವರ ಕಷ್ಟವೂ ಸಣ್ಣದಲ್ಲ. ರಾತ್ರಿ ಹತ್ತು ಗಂಟೆಯ ನಾಕಾದಲ್ಲಿ ಪೇದೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ “ಎಲ್ಲಿಂದ ಬರ್ತಿದೀರಾ ಸಾರ್?” ಉತ್ತರ ಅವನಿಗೆ ಬೇಕಿಲ್ಲ. ಬಾಯಿ ತೆರೆದರೆ ವಾಸನೆ ಗೊತ್ತಾಗುತ್ತದೆ, ಅಷ್ಟೇ. ಅನುಮಾನಕ್ಕೆ ಸಕಾರಣ ಇದ್ದರೆ ಮಾತ್ರ ಊದಿಸಬಹುದು ಎಂದು ನಮ್ಮ ಕಾಯ್ದೆ ಹೇಳುತ್ತದೆ, ಆ ಸಕಾರಣವನ್ನು ಪೇದೆ ಮೂಗಿನಿಂದಲೇ ಸಂಪಾದಿಸಬೇಕು. ಮುಂದಿನವನು ಊದುವಂತೆ ನಟಿಸುತ್ತಾನೆ, ಗಾಳಿಯನ್ನು ಒಳಗೇ ಎಳೆದುಕೊಳ್ಳುತ್ತಾನೆ. “ಜೋರಾಗಿ ಊದಿ ಸಾರ್, ಇನ್ನೂ, ಇನ್ನೂ...” ಹಿಂದಿನ ಕಾರಿನವರು ಯಾರಿಗೋ ಫೋನ್ ಹಚ್ಚಿ, ಮಾತಾಡಿ ಎಂದು ಮೊಬೈಲ್ ಚಾಚುತ್ತಾರೆ. ಆ ಕಡೆ ಯಾರಿದ್ದಾರೋ ಎಂಬ ಅಳುಕಿನಲ್ಲೇ ಪೇದೆ ಅದನ್ನು ಕಿವಿಗಿಡುತ್ತಾನೆ.

ಇದು ನಗರದ ಮಾತು. 2022ರ ಅದೇ ವರದಿಯಲ್ಲಿ ರಸ್ತೆ ಸಾವುಗಳ ಮೂರನೇ ಎರಡು ಪಾಲು ಗ್ರಾಮೀಣ ಪ್ರದೇಶದ್ದು. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ನಮ್ಮ ತಾಲ್ಲೂಕು ಕೇಂದ್ರಗಳ ಚಿತ್ರ ಎಲ್ಲರಿಗೂ ಗೊತ್ತಿರುವುದೇ. ಬಸ್ ನಿಲ್ದಾಣದ ಎದುರು ಎರಡು ವೈನ್ಸ್, ಕೊನೆಯ ಬಸ್ಸು ಎಂಟಕ್ಕೇ ಹೋಗಿಬಿಟ್ಟಿರುತ್ತದೆ, ಊರು ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಓಲಾ ಬರುವುದಿಲ್ಲ, ಮೆಟ್ರೊ ಇಲ್ಲ. ಒಂದೇ ಬೈಕಿನಲ್ಲಿ ಮೂವರು, ಹೆಲ್ಮೆಟ್ ಇದ್ದರೆ ಟ್ಯಾಂಕಿನ ಮೇಲೆ. ಈ ದಾರಿಯಲ್ಲಿ ಊದಿಸುವವರನ್ನು ಯಾರೂ ನೋಡಿದ್ದಿಲ್ಲ. ರಾಜಸ್ಥಾನದ ಪ್ರಯೋಗ ಬೆಲೆಯುಳ್ಳದ್ದು ಈ ಕಾರಣಕ್ಕೇ. ಅದು ನಗರದ ಪಬ್ ಬೀದಿಗಷ್ಟೇ ಸೀಮಿತವಾಗಿರಲಿಲ್ಲ, ಜಿಲ್ಲೆಗಳ ಸಾಮಾನ್ಯ ಠಾಣೆಗಳಲ್ಲೂ ನಡೆದದ್ದು.

ಆದರೆ ಠಾಣೆಯಲ್ಲಿ ಜನ ಎಲ್ಲಿದ್ದಾರೆ? ಬಂದೋಬಸ್ತು, ಜಾತ್ರೆ, ಸಚಿವರ ಪ್ರವಾಸ, ಕೋರ್ಟಿಗೆ ಆರೋಪಿ ಕರೆದೊಯ್ಯುವುದು, ಇವೆಲ್ಲ ಮುಗಿದ ಮೇಲೆ ನಾಕಾ. ರಾಜಸ್ಥಾನದವರು ಇದನ್ನೂ ಪರೀಕ್ಷೆಗೆ ಹಚ್ಚಿದರು. ಕೆಲವು ಕಡೆ ಠಾಣೆಯ ಸಿಬ್ಬಂದಿಯನ್ನೇ ನಾಕಾಕ್ಕೆ ಹಾಕಿದರು. ಇನ್ನು ಕೆಲವು ಕಡೆ ಪೊಲೀಸ್ ಲೈನ್ಸ್‌ನಲ್ಲಿ ಮೀಸಲು ಇದ್ದವರ ತಂಡ ಕಟ್ಟಿ, ಅವರ ಜೀಪಿಗೆ ಜಿಪಿಎಸ್ ಹಾಕಿ ಕಳಿಸಿದರು. ಅಲ್ಲಿ ಲೈನ್ಸ್ ಎಂದರೆ ಬಹಳ ಜನರಿಗೆ ಶಿಕ್ಷೆಯ ವರ್ಗಾವಣೆ. ಠಾಣೆ ಇಲ್ಲ, ಅಧಿಕಾರ ಇಲ್ಲ, ಮೇಲುಸಂಪಾದನೆ ಮೊದಲೇ ಇಲ್ಲ. ಚೆನ್ನಾಗಿ ಕೆಲಸ ಮಾಡಿದರೆ ಮತ್ತೆ ಠಾಣೆಗೆ ಹೋಗುವ ದಾರಿ ತೆರೆಯಬಹುದು ಎಂಬ ಆಸೆ ಅವರಿಗಿತ್ತು. ಹೊತ್ತಿಗೆ ಸರಿಯಾಗಿ ಹೋಗಿ ನಿಂತವರು, ಹೆಚ್ಚು ಗಾಡಿ ನಿಲ್ಲಿಸಿದವರು, ಹೆಚ್ಚು ಜನರನ್ನು ಹಿಡಿದವರು ಇವರೇ.

ನಮ್ಮ ಪ್ರತಿ ಜಿಲ್ಲೆಯಲ್ಲೂ ಡಿಎಆರ್ ಎಂಬ ಸಶಸ್ತ್ರ ಮೀಸಲು ಪಡೆ ಇದೆ, ಅದಕ್ಕೊಂದು ಮೈದಾನವಿದೆ, ನಿಂತ ಜೀಪುಗಳಿವೆ. ಒಂದು ಜಿಲ್ಲೆಯ ಎಸ್‌ಪಿ ಎರಡು ತಿಂಗಳ ಮಟ್ಟಿಗೆ ಆಲ್ಕೋಮೀಟರ್ ಕೊಟ್ಟು, ಮೂರು ಜಾಗ ಗುರುತು ಮಾಡಿ, ಯಾವ ರಾತ್ರಿ ಯಾವ ಜಾಗ ಎಂಬುದನ್ನು ಸಂಜೆ ಏಳಕ್ಕೆ ಚೀಟಿ ಎತ್ತಿ ಹೇಳಿದರೆ, ಎಷ್ಟು ಕೇಸು ಬಿತ್ತು ಎಂದು ಯಾರೂ ಕೇಳಬಾರದು. ಜಿಲ್ಲಾಸ್ಪತ್ರೆಯ ತುರ್ತು ಘಟಕದ ರಾತ್ರಿ ಪಾಳಿಯವರನ್ನು ಕೇಳಬೇಕು.